ಸರೋಜಮ್ಮ ಬರಲಿಲ್ಲವೇ?

ನನಗೊಂದು ದುರಭ್ಯಾಸವಿದೆ. ಯಾರಾದರೂ ಹೊಗಳಿದರೆ ತಕ್ಷಣ ನಂಬಿಬಿಡುತ್ತೇನೆ, ಹೊಗಳಿದವನು ನಾನೇ ಆಗಿದ್ದರೂ ಸರಿ. ನಾಲ್ಕು ವರ್ಷ ಕನ್ನಡದಲ್ಲಿ ಬ್ಲಾಗು ಬರೆದು, ಆಮೇಲೆ ಆರು ತಿಂಗಳು ಅತ್ತ ತಿರುಗಿಯೂ ನೋಡದಿದ್ದ ನನಗೆ ಈ ದುರಭ್ಯಾಸ ಎಷ್ಟು ಆಳಕ್ಕಿಳಿದಿದೆ ಎಂದು ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ, ದೆಹಲಿ ಪಕ್ಕದ ಇಂದಿರಾಪುರಂನ ಹತ್ತನೇ ಮಹಡಿಯಲ್ಲಿ, ನಾನೊಬ್ಬನೇ ಇರುವ ಮನೆಯಲ್ಲಿ.

ಬರೆಯುವುದನ್ನು ನಿಲ್ಲಿಸಿದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ಬ್ಲಾಗಿಗರಲ್ಲಿ ಪ್ರತಿಕ್ರಿಯೆ ಎಂಬುದು ಮದುವೆಮನೆಯ ಮುಯ್ಯಿಯ ಹಾಗೆ. ಅವರು ಬಂದು ‘ಚೆನ್ನಾಗಿದೆ’ ಎಂದು ಬರೆದರೆ ನಾವೂ ಅವರಲ್ಲಿಗೆ ಹೋಗಿ ‘ಚೆನ್ನಾಗಿದೆ’ ಎಂದು ಬರೆದು ಬರಬೇಕು. ಗುರಗಾಂವಿನ ಆಫೀಸಿಗೆ ಹೋಗಿಬರುವ ಕ್ಯಾಬಿನಲ್ಲೇ ದಿನಕ್ಕೆ ನಾಲ್ಕು ಗಂಟೆ ಕಳೆಯುವ ನಾನು ಮುಯ್ಯಿ ತೀರಿಸಲಿಲ್ಲ, ಜನ ಬರುವುದನ್ನು ಬಿಟ್ಟರು. ಆಫೀಸಿನಲ್ಲಿ ಇಂಗ್ಲಿಷ್, ತರಕಾರಿ ಭಯ್ಯಾನ ಹತ್ತಿರ ಹಿಂದಿ. ಕನ್ನಡದಲ್ಲಿ ಹರಟಲು ನನಗಿದ್ದ ಜಾಗ ಆ ಬ್ಲಾಗೊಂದೇ. ಅದೂ ಹೋದ ಮೇಲೆ ರಜಾದಿನಗಳಲ್ಲಿ ನಾನು ಬಾಯಿ ತೆರೆಯುತ್ತಿದ್ದದ್ದು ಹಲ್ಲುಜ್ಜಲು ಮತ್ತು ತಿನ್ನಲು ಮಾತ್ರ. ಬೇಜಾರಾಗುತ್ತಿತ್ತು, ತುಂಬಾ.

ಆ ಭಾನುವಾರ ಬ್ಲಾಗಿಗೆ ಹೊಸ ಜೀವ ತುಂಬುತ್ತೇನೆಂದು ಕುಳಿತೆ. ಹಿನ್ನೆಲೆಯ ನೀಲಿ ತೆಗೆದು ಹಸಿರು ಹಾಕಿದೆ. ಹಸಿರು ತೆಗೆದು ಮತ್ತೆ ನೀಲಿ ಹಾಕಿದೆ. ನನ್ನ ಫೋಟೋ ಬದಲಿಸೋಣವೆಂದರೆ ತೆಗೆಯುವವರಿಲ್ಲ. ಎರಡು ಗಂಟೆ ದುಡಿದರೂ ಒಂದು ವಾಕ್ಯ ಹುಟ್ಟಲಿಲ್ಲ. ಹಳೆಯ ಬರಹವೊಂದನ್ನು ತೆರೆದಾಗ ಕೆಳಗೆ ಧಾರವಾಡದ ಸರೋಜಮ್ಮ ಎಂಬವರ ಪ್ರತಿಕ್ರಿಯೆ ಕಂಡಿತು: ‘ನಿಮ್ಮ ಬರಹ ಓದಿದರೆ ಮನೆಯವರ ಜೊತೆ ಕೂತು ಮಾತಾಡಿದ ಹಾಗಾಗುತ್ತದೆ. ಬರೆಯುವುದನ್ನು ಬಿಡಬೇಡಿ.’ ನನ್ನ ಕಣ್ಣು ತುಂಬಿತು. ಇಂಥವರಿಗೆ ಉತ್ತರಿಸದೇ ಇದ್ದೆನಲ್ಲ ಎಂದು ನನ್ನನ್ನೇ ಬೈದುಕೊಂಡು, ಅರ್ಧ ಪುಟ ಕ್ಷಮಾಪಣೆ ಟೈಪ್ ಮಾಡಿದ ಮೇಲೆ ನೆನಪಾಯಿತು, ಸರೋಜಮ್ಮ ನಾನೇ! ಯಾರೂ ಬಾರದ ಒಂದು ವಾರ, ಮರ್ಯಾದೆ ಉಳಿಸಿಕೊಳ್ಳಲು ಆ ಹೆಸರಿನಲ್ಲಿ ನಾನೇ ಬರೆದುಕೊಂಡಿದ್ದೆ.

ಅದರ ಕೆಳಗೆ ಇನ್ನೊಂದು ಪ್ರತಿಕ್ರಿಯೆಯಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ, ಗಟ್ಟಿಯಾಗಿ ಓದಿದರೆ ಮಾತ್ರ ಅರ್ಥವಾಗುವಂಥದ್ದು. ಓದಿದೆ. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಕನ್ನಡ ಕೇಳಿಸಿತು. ‘ಸರೋಜಮ್ಮನವರೇ, ನಾನು ವಿಮಲಾ, ರಿಟೈರ್ಡ್ ಟೀಚರ್. ಇಂದಿರಾಪುರಂನಲ್ಲಿ ಮಗಳ ಮನೇಲಿದೀನಿ. ಮೊಮ್ಮಗಳು ಬರೀ ಹಿಂದಿ ಮಾತಾಡ್ತಾಳೆ. ದೆಹಲಿ ಕಡೆ ಬಂದ್ರೆ ಖಂಡಿತ ಮನೆಗೆ ಬನ್ನಿ.’ ವಿಳಾಸವೂ ಇತ್ತು, ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಗೇಟು ಆಚೆ. ಬರೆದು ಐದು ತಿಂಗಳಾಗಿತ್ತು. ಬರೆದವನನ್ನು ಬಿಟ್ಟು ಹೊಗಳಿದವಳನ್ನು ಕರೆದಿದ್ದಾರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಐದು ತಿಂಗಳು ಕಾದಿರಬಹುದಲ್ಲ ಎಂದು ಅದಕ್ಕಿಂತ ಹೆಚ್ಚು ಸಂಕಟವಾಯಿತು. ‘ಸರೋಜಮ್ಮನ ಕಡೆಯಿಂದ ಮುಂದಿನ ಭಾನುವಾರ ಬರುತ್ತೇವೆ’ ಎಂದು ಉತ್ತರ ಬರೆದೆ. ಆ ‘ತ್ತೇವೆ’ ಹೇಡಿತನದ್ದು.

ಮುಂದಿನ ಭಾನುವಾರ ಬಾಗಿಲು ತೆರೆದ ಮೊಮ್ಮಗಳು, “ಅಜ್ಜೀ, ಕೋಯೀ ಅಂಕಲ್ ಆಯೇ ಹೈಂ!” ಎಂದು ಕೂಗಿದಳು. ಒಳ್ಳೆಯ ಸೀರೆ ಉಟ್ಟಿದ್ದ ವಿಮಲಮ್ಮ ಬಂದು, ನನ್ನನ್ನು ದಾಟಿ ಲಿಫ್ಟಿನ ಕಡೆ ನೋಡಿದರು.

“ಸರೋಜಮ್ಮ ಬರ್ಲಿಲ್ವಾ?”

ಅವರಿಗೆ ಹುಷಾರಿಲ್ಲ ಎಂಬ ಸುಳ್ಳನ್ನು ದಾರಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಮೇಜಿನ ಮೇಲೆ ಸರೋಜಮ್ಮನಿಗೆಂದು ಇಟ್ಟಿದ್ದ ಕೋಡುಬಳೆಯ ತಟ್ಟೆ ಕಂಡು ಅದನ್ನು ಅಲ್ಲೇ ಕೈಬಿಟ್ಟೆ. “ಸರೋಜಮ್ಮ ನಾನೇ, ಮೇಡಂ” ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಬಾಗಿಲು ಮುಚ್ಚುತ್ತಾರೆಂದೇ ಅಂದುಕೊಂಡೆ.

“ಹಾಗಾದ್ರೆ ಒಳಗೆ ಬಾರಮ್ಮ, ಕಾಫಿ ಆರೋಗತ್ತೆ.”

ಎರಡು ಗಂಟೆ ಕನ್ನಡ ಮಾತಾಡಿ ಗಂಟಲು ಕಟ್ಟಿತು. ಮನೆಗೆ ಬಂದು, ಯಾವ ಬಣ್ಣವನ್ನೂ ಮುಟ್ಟದೆ, ಆರು ತಿಂಗಳ ನಂತರದ ಮೊದಲ ಬರಹ ಬರೆದು ಹಾಕಿದೆ. ಮರುದಿನ ನೋಡಿದರೆ ಒಂದೇ ಒಂದು ಪ್ರತಿಕ್ರಿಯೆ, ವಿಮಲಮ್ಮನದು: ‘ಪರವಾಗಿಲ್ಲ. ಆದ್ರೆ ಸರೋಜಮ್ಮ ಇನ್ನೂ ಚೆನ್ನಾಗಿ ಬರೀತಿದ್ರು.’

ಅದನ್ನೂ ತಕ್ಷಣ ನಂಬಿಬಿಟ್ಟೆ.