ನಮ್ಮ ಫ್ರಿಜ್‌ನಲ್ಲಿ ಮೇಲಿನ ಮನೆ ಸೊಸೆ

ಗೋರೆಗಾಂವ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಯಾರು ಎಂತ ಮುಚ್ಚಿಟ್ರೂ ಕಡೆಗೆ ಬರುವುದು ನನ್ನ ಮನೆಗೇ. ನಾನು ಕರೆಯುವುದಿಲ್ಲ ಮಾರಾಯ್ರೆ, ಬಾಗಿಲು ತೆರೆದಿಡ್ತೇನೆ ಅಷ್ಟೆ.

೧. ಮೇಣದ ತುಂಡು

ಮೇಲಿನ ಮನೆಯ ಮೈಸೂರಿನ ಸೊಸೆ ಮೇ ತಿಂಗಳ ಒಂದು ಗುರುವಾರ ಸೆರಗಿನೊಳಗೆ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ಲು. ಬಂಗಾರ ಅಂತಲೇ ನನ್ನ ಲೆಕ್ಕ. ನಿಲ್ಲಿಸಿ ಕೇಳಿದೆ.

ಗರ್ಭಕೋಶದಲ್ಲಿ ಕ್ಯಾನ್ಸರ್ ಅಂತೆ. ಡಾಕ್ಟ್ರು ಪರೀಕ್ಷೆಗೆ ತೆಗೆದ ಚೂರನ್ನು ಮೇಣದಲ್ಲಿ ಅಚ್ಚು ಹಾಕಿ ಇವಳ ಕೈಗೇ ಕೊಟ್ಟಿದ್ರು. ಟೌನ್‌ನ ದೊಡ್ಡ ಲ್ಯಾಬ್‌ನಲ್ಲಿ ಹೊಸ ಟೆಸ್ಟ್ ಶುರುವಾಗಿದೆ, ಸೋಮವಾರ ಒಯ್ಯಬೇಕು. ಅದು ಎಂಥ ಜಾತಿಯ ಗಡ್ಡೆ ಅಂತ ಗೊತ್ತಾದ ಮೇಲೆ, ಆಪರೇಷನ್ ಸಾಕಾ, ರೇಡಿಯೇಷನ್ ಕರೆಂಟೂ ಕೊಡ್ಬೇಕಾ ಅಂತ ತೀರ್ಮಾನ.

"ತೆಗೆದದ್ದನ್ನು ವಾಪಸ್ ಕೊಡುವ ಡಾಕ್ಟ್ರನ್ನು ನಾನು ಕಂಡದ್ದಿಲ್ಲ," ಅಂದೆ.

"ಇನ್ಮೇಲೆ ಎಲ್ರಿಗೂ ಹೀಗೇ ಅಂತೆ ಅಕ್ಕ. ಯಾರಿಗೂ ಹೇಳ್ಬೇಡಿ."

ನಾನೂ ಯಾರಿಗೂ ಹೇಳ್ಬೇಡಿ ಅಂತ ಹೇಳಿಯೇ ಎಲ್ಲರಿಗೂ ಹೇಳಿದ್ದು.

೨. ಮಡಿ

ಸಂಜೆಗೆ ಅದೇ ಡಬ್ಬಿ ಕೆಳಗೆ ಬಂತು. ಅಡುಗೆಮನೆಯಲ್ಲಿ ಬೇಡ, ದೇವರ ಹತ್ತಿರ ಬೇಡ, ಸೊಸೆಯದ್ದಾದ್ರೂ ಮಾಂಸ ಮಾಂಸವೇ ಅಂತ ಅತ್ತೆಯ ಹಟ. ಬಿಸಿಲಿಗೆ ಮೇಣ ಕರಗಿದ್ರೆ ಇವಳ ಗತಿ ಎಂತ?

"ನಿಮ್ಮ ಫ್ರಿಜ್‌ನಲ್ಲಿ ಹೇಗೂ..." ಅಂತ ನಿಲ್ಲಿಸಿದ್ಲು.

"ಮೀನು ಉಂಟು, ಹೇಳು ಹೇಳು," ಅಂದೆ. ಇಟ್ಕೊಂಡೆ.

ಮೂಗಿಗೆ ಸೆರಗು ಹಿಡಿಯದೆ ಒಂಬತ್ತು ವರ್ಷದಲ್ಲಿ ನಮ್ಮ ಬಾಗಿಲು ದಾಟದ ಆ ಅತ್ತೆ ಮರುದಿನ ಬೆಳಿಗ್ಗೆ ಬಂದು ನಿಂತ್ರು.

"ನಮ್ಮ ಸೊಸೆ ಹೇಗಿದ್ದಾಳಮ್ಮ?"

"ಈಗಷ್ಟೇ ಬ್ಯಾಂಕಿಗೆ ಹೋದ್ಲಲ್ಲ."

"ಅವಳಲ್ಲ, ಒಳಗಿರೋಳು. ಪಕ್ಕದಲ್ಲಿ ಮೀನಿಟ್ಟಿಲ್ಲ ತಾನೆ?"

ಇಟ್ಟಿದ್ದೆ. ಆಮೇಲೆ ಬಂಗಡೆಗೂ ಅವಳಿಗೂ ನಡುವೆ ಹಾಲಿನ ಪ್ಯಾಕೆಟ್ ಅಡ್ಡ ಇಟ್ಟೆ, ಮಡಿಗೆ.

೩. ಸಂಬಂಧ

ಸೋಮವಾರ ಅವಳ ಗಂಡ ಟೂರ್‌ನಲ್ಲಿ. ಲೋಕಲ್ ಟ್ರೈನ್‌ನಲ್ಲಿ ನಾನೇ ಜೊತೆಗೆ ಹೋದೆ. ಲ್ಯಾಬ್‌ನವನ ಟ್ರೇಯಲ್ಲಿ ಅಂಥದ್ದೇ ತುಂಡು ಎಷ್ಟೋ. ನಮ್ಮದು ಯಾವುದು ಅಂತ ಅವನಿಗೆ ಹೇಗೆ ಗೊತ್ತಾಗ್ತದೆ ಅಂತ ಜಗಳ ತೆಗೆದೆ. ಬದಿಯಲ್ಲಿದ್ದ ನಂಬರ್ ತೋರಿಸಿದ. ಅಂಗೈಯಲ್ಲಿ ಬರ್ಕೊಂಡೆ, ಮನೆಗೆ ಬಂದು ಕ್ಯಾಲೆಂಡರ್‌ನಲ್ಲಿ.

ನೀವು ಪೇಷಂಟ್‌ಗೆ ಎಂತ ಆಗ್ಬೇಕು ಅಂತ ಕೇಳಿದ. ನಾನು ಯೋಚಿಸುವುದರೊಳಗೆ ಅವಳೇ ಹೇಳಿದ್ಲು, "ನಾಲ್ಕು ದಿನ ನಾನು ಇವರ ಫ್ರಿಜ್‌ನಲ್ಲಿದ್ದೆ."



೪. ವಾಪಸ್

ಹತ್ತು ದಿನದ ಮೇಲೆ ರಿಪೋರ್ಟ್. ಸೌಮ್ಯ ಜಾತಿ, ಆಪರೇಷನ್ ಸಾಕು, ಕರೆಂಟ್ ಬೇಡ. ಅವಳು ಅತ್ಲು. ನಾನು ಮೊದಲು ನಂಬರ್ ತಾಳೆ ನೋಡಿದೆ, ಅತ್ತದ್ದು ಆಮೇಲೆ.

ಮುಂದೆ ಇನ್ನೂ ಹೊಸ ಟೆಸ್ಟ್ ಬಂದ್ರೆ ಬೇಕಾಗ್ತದೆ, ಜೋಪಾನ ಅಂತ ಡಾಕ್ಟ್ರು ಆ ತುಂಡನ್ನು ಅದೇ ಡಬ್ಬಿಯಲ್ಲಿ ವಾಪಸ್ ಕೊಟ್ರು. ನಾನು ಅದನ್ನಿಡ್ಲಿಕ್ಕೆ ಫ್ರಿಜ್ ತೆರೆಯುವಷ್ಟರಲ್ಲಿ ಹಿಂದೆಯೇ ಅತ್ತೆ.

"ಸಾಕಮ್ಮ ತವರುಮನೆ ವಾಸ. ಕೊಡಿ ಇಲ್ಲಿ."

ಒಯ್ದು ಟ್ರಂಕಿನಲ್ಲಿ ತಮ್ಮ ಮಡಿ ಸೀರೆಯೊಳಗೇ ಸುತ್ತಿಟ್ರಂತೆ. ಪ್ರೀತಿ ಅಂತ ಬಿಲ್ಡಿಂಗೆಲ್ಲ ಹೊಗಳಿತು. ನಂಗೆ ಅನುಮಾನ. ಗೌರಿ ಹಬ್ಬಕ್ಕೆ ಅದೇ ಸೀರೆ ಉಟ್ಟು ಕುಂಕುಮ ಕೊಡ್ಲಿಕ್ಕೆ ಬಂದಾಗ ಹತ್ತಿರ ಹೋಗಿ ಮೂಸಿದೆ.

ಬಂಗಡೆಯೇ.

ಇದೊಂದನ್ನು ಮಾತ್ರ ಬಿಲ್ಡಿಂಗ್‌ನಲ್ಲಿ ಯಾರಿಗೂ ಹೇಳಿಲ್ಲ.