ಸೀಟು ಸಿಕ್ಕ ಮೇಲೆ ಸಿಕ್ಕ ಸಲಹೆಗಳು

ನಮ್ಮ ಕಡೆ ಒಬ್ಬ ಮನುಷ್ಯ ಒಂದು ತೀರ್ಮಾನ ತೆಗೆದುಕೊಳ್ಳಲು ಕೂತರೆ, ತೀರ್ಮಾನ ಒಂದು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ನನಗೆ ಆದದ್ದೂ ಅದೇ.

ನಾನು ಸಾಮಾನ್ಯದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಬಾಳೂರು ಸುತ್ತಮುತ್ತ ವಾಲಿಬಾಲಿನಲ್ಲಿ ನನ್ನ ಹೊಡೆತ ಎತ್ತುವವರಿಲ್ಲ. ಪಿಯುಸಿಯಲ್ಲಿ ಫಿಸಿಕ್ಸ್ ಪೇಪರು ನೋಡಿ ನಕ್ಕವನು ಇಡೀ ಹಾಲಿನಲ್ಲಿ ನಾನೊಬ್ಬನೇ. ಓದಿದರೆ ದೂರದ ಆ ದೊಡ್ಡ ಯೂನಿವರ್ಸಿಟಿಯಲ್ಲೇ ಓದಬೇಕು ಅಂತ ಹೈಸ್ಕೂಲಿನಿಂದ ಆಸೆ. ಆದರೆ ಪಿಯುಸಿ ಮುಗಿದಾಗ ಅವರಿಗೆ ನನ್ನ ಬೆಲೆ ಗೊತ್ತಾಗಲಿಲ್ಲ. ಹಾಗಾಗಿ ಇಲ್ಲೇ ಪೇಟೆಯ ಕಾಲೇಜಿಗೆ ಸೇರಿ ಎರಡು ವರ್ಷ ರಾಜನ ಹಾಗೆ ಕಳೆದೆ. ಈ ಸಲ ಮತ್ತೆ ಸುಮ್ಮನೆ ಒಂದು ಅರ್ಜಿ ಹಾಕಿದ್ದೆ. ಮೇಲ್ ಬಂತು. ಒಂದು ಸೀಟು ಖಾಲಿ ಇದೆ, ಬರಬಹುದು. ಆದರೆ ಎರಡನೇ ವರ್ಷವನ್ನು ಅಲ್ಲಿ ಮತ್ತೆ ಓದಬೇಕು. ಶುಕ್ರವಾರ ಸಂಜೆಯೊಳಗೆ ಫೋನ್ ಮಾಡಿ ತಿಳಿಸಬೇಕು.

ಹೋದರೆ ಒಂದು ವರ್ಷ ನಷ್ಟ, ಮೇಲಿಂದ ಅಲ್ಲಿ ನಾನು ಯಾರು ಅಂತ ಒಂದು ನಾಯಿಗೂ ಗೊತ್ತಿಲ್ಲ. ಹೋಗದಿದ್ದರೆ ಮೊಬೈಲಿನಲ್ಲಿ ಆ ಯೂನಿವರ್ಸಿಟಿ ಗೇಟಿನ ಫೋಟೋ ನೋಡುತ್ತಾ ಮುದುಕನಾಗಬೇಕು. ಎರಡೂ ಕಷ್ಟವೇ. ನಾಲ್ಕು ಜನರನ್ನು ಕೇಳೋಣ ಅಂದುಕೊಂಡೆ. ನನ್ನ ಸುಸ್ತು ಶುರುವಾದದ್ದು ಅಲ್ಲಿಂದ.

ಜೀಪಿನಲ್ಲಿ ಮತದಾನ

ಮೊದಲು ಹೇಳಿದ್ದು ಪೇಟೆಗೆ ಹೋಗುವ ಬಾಡಿಗೆ ಜೀಪಿನ ಡ್ರೈವರಣ್ಣನಿಗೆ; ಅವನ ಪಕ್ಕದ ಮುಂದಿನ ಸೀಟು ಯಾವತ್ತೂ ನನ್ನದೇ. ಅವನಿಗೆ ಹೇಳಿದರೆ ಜೀಪಿಗೆಲ್ಲ ಹೇಳಿದ ಹಾಗೆ. ಹಿಂದೆ ಸಂತೆ ಚೀಲ, ಕೋಳಿ, ಜನ ಎಲ್ಲ ಒಂದರ ಮೇಲೊಂದು ಕೂತಿದ್ದರು.

"ಒಂದು ವರ್ಷ ಹಿಂದೆ ಹೋಗದಾ? ಇವನಿಗೆ ಎಂತ ತಲೆ ಕೆಟ್ಟಿದ್ಯಾ?" ಅಂತ ಒಬ್ಬರು.

"ಹೋಗ್ಲಿ ಬಿಡಿ, ಹುಡುಗ ನಾಲ್ಕು ಊರು ನೋಡ್ಲಿ," ಅಂತ ಒಣಮೀನಿನ ಚೀಲ ಹಿಡಿದ ಅಜ್ಜಿ.

ಜಗಳ ಜೋರಾಯಿತು. ಡ್ರೈವರಣ್ಣ ಏರಿನ ನಡುವೆಯೇ ಜೀಪು ನಿಲ್ಲಿಸಿ ಹಿಂದೆ ತಿರುಗಿದ. "ಗಲಾಟೆ ಬೇಡ. ಇವನು ಊರು ಬಿಟ್ಟು ಹೋಗ್ಬೇಕು ಅನ್ನೋರು ಕೈ ಎತ್ತಿ."

ಕೋಳಿ ಒಂದನ್ನು ಬಿಟ್ಟು ಎಲ್ಲರೂ ಎತ್ತಿದರು. ಈಗಷ್ಟೇ ತಲೆ ಕೆಟ್ಟಿದೆ ಅಂದವರೂ ಎತ್ತಿದರು.

ನಾನು ಹಿಂದೆ ತಿರುಗಿ ಎಲ್ಲರಿಗೂ ಕೈ ಮುಗಿದೆ. "ನನ್ನ ಓದಿನ ಮೇಲೆ ನಿಮಗೆಲ್ಲ ಇಷ್ಟು ನಂಬಿಕೆಯಾ?" ಅಂದೆ.

"ಓದಿನ ವಿಷಯ ನಮಗೆಂತ ಗೊತ್ತು ಮಾರಾಯ," ಅಂದ ಡ್ರೈವರಣ್ಣ, ಗೇರು ಹಾಕುತ್ತಾ. "ನೀನು ಹೋದ್ರೆ ಈ ಮುಂದಿನ ಸೀಟು ಖಾಲಿ ಆಗ್ತದಲ್ಲ."

ಓಡೋ ಇಂಜಿನ್

ಮೂಡಿಗೆರೆ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಭಾಯಿ ಕಡಿಮೆ ಮಾತಿನವರು, ಯೋಚಿಸಿ ಹೇಳುತ್ತಾರೆ ಅಂತ ಹೆಸರು. ಬೈಕಿನ ಚಕ್ರಕ್ಕೆ ಗಾಳಿ ಹೊಡೆಸುವ ನೆಪದಲ್ಲಿ ಹೋಗಿ ನನ್ನ ಕಥೆ ಶುರು ಮಾಡಿದೆ. ಅವರು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳುತ್ತಾ ಹೋದರು. ನಾನು ಕಲ್ಲಿನ ಮೇಲೆ ಕೂತು, ರಸ್ತೆ ನೋಡುತ್ತಾ, ನನ್ನ ಪ್ರತಿಭೆಯಿಂದ ಹಿಡಿದು ದೇಶದ ಶಿಕ್ಷಣದವರೆಗೆ ಎಲ್ಲ ಹೇಳಿದೆ.

ಎಲ್ಲ ಕೇಳಿಯಾದ ಮೇಲೆ ಭಾಯಿ ಹೇಳಿದರು. "ನೋಡು ತಮ್ಮಾ, ಮೂವತ್ತು ವರ್ಷದಿಂದ ಇದೇ ಕೆಲಸ. ನಾನು ಕಲಿತದ್ದು ಒಂದೇ. ಚೆನ್ನಾಗಿ ಓಡ್ತಿರೋ ಇಂಜಿನ್ನಿಗೆ ಕೈ ಹಾಕಬಾರದು. ಇಲ್ಲೇ ಓದು."

ಎಂಥ ಮಾತು! ಮನಸ್ಸು ಹಗುರಾಯಿತು. ಎದ್ದು ತಿರುಗಿ ನೋಡಿದರೆ ನನ್ನ ಬೈಕಿನ ಇಂಜಿನ್ ಗೋಣಿಚೀಲದ ಮೇಲೆ ತುಂಡು ತುಂಡಾಗಿ ಹರಡಿತ್ತು.

"ಭಾಯಿ! ನಾನು ಬಂದಿದ್ದು ಗಾಳಿ ಹೊಡೆಸೋಕೆ!"

ಭಾಯಿ ತಮ್ಮ ಕೈಯನ್ನು ತಾವೇ ಆಶ್ಚರ್ಯದಿಂದ ನೋಡಿಕೊಂಡರು. "ನೀನು ಅಷ್ಟುದ್ದ ಮಾತಾಡಿದ್ರೆ ಕೈ ಎಂತ ಮಾಡ್ಬೇಕು ಹೇಳು?"

ಎರಡು ದಿನ ನಡೆದುಕೊಂಡು ಓಡಾಡಿದೆ.

ದೇವರ ಅಭಿಪ್ರಾಯ

ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿರುವ ಅಪ್ಪ ಇಡೀ ದಿನ ಆಳುಗಳಿಗೆ ಹೇಳಿ ಹೇಳಿ ಸಾಕಾಗಿ, ಮನೆಯಲ್ಲಿ ಯಾರಿಗೂ ಏನೂ ಹೇಳುವುದಿಲ್ಲ. ಹಾಗಾಗಿ ಅಮ್ಮ ನನ್ನನ್ನು ದೇವಸ್ಥಾನಕ್ಕೆ ಎಳೆದುಕೊಂಡು ಹೋದಳು. ಹೂಪ್ರಸಾದ ಕೇಳುವುದು ನಮ್ಮಲ್ಲಿ ರೂಢಿ. ಮನಸ್ಸಲ್ಲಿ ಪ್ರಶ್ನೆ ಇಟ್ಟುಕೊಂಡು ಕೈ ಮುಗಿದು ನಿಲ್ಲಬೇಕು; ದೇವರ ಬಲಗಡೆಯಿಂದ ಹೂ ಬಿದ್ದರೆ ಆಗಲಿ ಅಂತ, ಎಡಗಡೆಯಿಂದ ಬಿದ್ದರೆ ಬೇಡ ಅಂತ. ನಾನು ಹೋಗುವುದು ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಆದರೆ ಅದನ್ನು ಅವಳು ತನ್ನ ಬಾಯಿಂದ ಹೇಳುವುದಿಲ್ಲ, ದೇವರೇ ಹೇಳಬೇಕು.

ಕೈ ಮುಗಿದು ನಿಂತೆವು. ಪಟ್ಟನೆ ಬಲಗಡೆಯಿಂದ ಒಂದು ಸೇವಂತಿಗೆ ಬಿತ್ತು.

"ಆಯ್ತಲ್ಲ, ಅಪ್ಪಣೆ ಸಿಕ್ತು," ಅಂದರು ಭಟ್ಟರು.

"ಇವನು ಸರಿಯಾಗಿ ಕೇಳ್ಕೊಂಡಿಲ್ಲ ಭಟ್ರೇ, ಕಣ್ಣು ಬಿಟ್ಟುಕೊಂಡೇ ನಿಂತಿದ್ದ. ಇನ್ನೊಂದು ಸಲ ನೋಡುವ."

ಮತ್ತೆ ನಿಂತೆವು. ಮತ್ತೆ ಬಲಗಡೆಯೇ.

"ಬಾಗಿಲಿಂದ ಗಾಳಿ ಬರ್ತಾ ಉಂಟು," ಅಂದಳು ಅಮ್ಮ. ಹೋಗಿ ಬಾಗಿಲು ಹಾಕಿ ಬಂದಳು. ಮೂರನೇ ಸಲ ನಿಂತೆವು. ಈ ಸಲ ದೇವರೂ ಸುಸ್ತಾಗಿದ್ದನೋ ಏನೋ, ಒಂದು ಎಸಳೂ ಅಲ್ಲಾಡಲಿಲ್ಲ. ನನ್ನ ಕಾಲು ಜೋಮು ಹಿಡಿಯಿತು. ಭಟ್ಟರು ಮಂಗಳಾರತಿ ತಟ್ಟೆ ಕೆಳಗಿಟ್ಟು ಸಣ್ಣ ದನಿಯಲ್ಲಿ ಹೇಳಿದರು.

"ಅಮ್ಮಾ, ದೇವರಿಗೆ ಹೇಳ್ಲಿಕ್ಕಿದ್ದದ್ದು ಅವನು ಹೇಳಿಯಾಯ್ತು. ಈಗ ನೀವು ಎಂತ ಹೇಳ್ಬೇಕು ಅಂತಿದೀರಿ ಅಂತ ಕಾಯ್ತಾ ಇದಾನೆ."

ಮನೆ ಹತ್ತಿರ ಬಂದಾಗ ಅಮ್ಮ, "ಮುಂದಿನ ಸಲ ಬೇರೆ ದೇವಸ್ಥಾನಕ್ಕೆ ಹೋಗುವ," ಅಂದಳು.

ಹೆಸರು ಇರಲಿ

ಗುರುವಾರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ನಿಜ ಹೇಳಬೇಕೆಂದರೆ ಅವರು ಕುರ್ಚಿಯಿಂದ ಎದ್ದು, ನನ್ನ ಕೈ ಹಿಡಿದು, ಹೋಗಬೇಡ ಅನ್ನಲಿ ಅಂತ ಆಸೆ ಇತ್ತು. ಅಂದಿದ್ದರೆ ಬಹುಶಃ ಉಳಿದುಬಿಡುತ್ತಿದ್ದೆ.

ವಿಷಯ ಹೇಳಿದೆ. ಅವರು ನಿಜವಾಗಿಯೂ ಎದ್ದು ನಿಂತರು! "ಬೇಡಪ್ಪಾ! ನೀನು ಹೋದ್ರೆ ಕಷ್ಟ ಆಗುತ್ತೆ. ಫಿಸಿಕ್ಸ್ ತಗೊಂಡಿರೋರೇ ನಾಲ್ಕು ಮತ್ತೊಂದು ಜನ. ಮೇಲಿನವರು ಬಂದು ಕೇಳಿದ್ರೆ ನಾನು ಯಾರನ್ನ ತೋರಿಸ್ಲಿ?"

ಎದೆ ಉಬ್ಬಿತು. "ಸಾರ್, ಕಾಲೇಜು ನನ್ನ ಮೇಲೆ ಇಷ್ಟು ನಿಂತಿದೆ ಅಂತ ಗೊತ್ತಿರಲಿಲ್ಲ."

"ನಿನ್ನ ಮೇಲೆ ಅಲ್ಲ ಮಾರಾಯ, ಹಾಜರಿ ಪುಸ್ತಕದಲ್ಲಿರೋ ನಿನ್ನ ಹೆಸರಿನ ಮೇಲೆ." ಸ್ವಲ್ಪ ಯೋಚಿಸಿ, ಬಹಳ ಆಸೆಯಿಂದ ಕೇಳಿದರು: "ಹೆಸರು ಇಲ್ಲೇ ಬಿಟ್ಟು ನೀನೊಬ್ಬನೇ ಹೋಗ್ಲಿಕ್ಕೆ ಆಗ್ತದಾ ಅಂತ ಅವರನ್ನ ಒಂದು ಮಾತು ಕೇಳಿ ನೋಡು."

ಕೊನೆಯ ಸಲಹೆ

ಶುಕ್ರವಾರ ಮಧ್ಯಾಹ್ನ. ದೇವರಮನೆ ಗುಡ್ಡದ ಕಡೆ ಹೋಗುವ ರಸ್ತೆಯ ತಿರುವಿನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅಲ್ಲಿ ನಿಂತು ಯೂನಿವರ್ಸಿಟಿಗೆ ಫೋನ್ ಮಾಡಿದೆ. ಏನು ಹೇಳಬೇಕು ಅಂತ ಆಗಲೂ ಗೊತ್ತಿರಲಿಲ್ಲ. ಆದರೆ ಏನು ಹೇಳಿದರೂ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಮಾತ್ರ ತೀರ್ಮಾನವಾಗಿತ್ತು.

ನನ್ನ ಇಂಗ್ಲಿಷನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ಆ ಕಡೆಯ ಗುಮಾಸ್ತರು ಕನ್ನಡದಲ್ಲಿ ಕೇಳಿದರು, "ಯಾವೂರು?"

"ಬಾಳೂರು ಹತ್ರ ಸಾರ್."

"ಅಯ್ಯೋ ಮಾರಾಯ! ನಾನು ಕಳಸದವನು!"

ಅಲ್ಲಿಂದ ಮಳೆ ಬಿಟ್ಟಿತಾ, ಕಾಫಿ ಫಸಲು ಹೇಗಿದೆ, ಹೊರನಾಡಿನ ರಸ್ತೆ ಸರಿ ಮಾಡಿದರಾ, ಎಲ್ಲ ಆಯಿತು. ಕೊನೆಗೆ ಅವರೇ ದನಿ ತಗ್ಗಿಸಿದರು. "ನಮ್ಮ ಕಡೆಯ ಹುಡುಗ ಅಂತ ಹೇಳ್ತೇನೆ. ಬರಬೇಡ. ಒಂದು ವರ್ಷ ದಂಡ. ಸೆಕೆ. ನೀರು ಸರಿ ಇಲ್ಲ. ಹಾಸ್ಟೆಲ್ ಸಾಂಬಾರಿನಲ್ಲಿ ಬೇಳೆ ಹುಡುಕ್ಲಿಕ್ಕೆ ಬೇರೆ ಡಿಗ್ರಿ ಬೇಕು. ಇಲ್ಲಿ ಬರೋರೆಲ್ಲ ಭಾರೀ ಜೋರಿನವರು. ನಿನ್ನ ಹತ್ರ ಆಗದು."

ಅಷ್ಟೇ. ಜೀಪು, ಗ್ಯಾರೇಜು, ದೇವರು, ಪ್ರಿನ್ಸಿಪಾಲರು, ಒಂದು ವಾರ ಎಲ್ಲರ ಮಾತು ಕೇಳಿ ಕೇಳಿ ದಣಿದಿದ್ದ ನನ್ನ ತಲೆ ಅಲ್ಲಿಗೆ ಕೆಟ್ಟಿತು.

"ನನ್ನ ಹತ್ರ ಆಗದಾ? ಯಾರ ಹತ್ರ ಮಾತಾಡ್ತಿದೀರಿ ಗೊತ್ತಾ ಸಾರ್? ನಾನು ಬಂದೇ ಬರ್ತೀನಿ! ಎರಡನೇ ವರ್ಷ ಅಲ್ಲ, ಒಂದನೇ ಕ್ಲಾಸಿಂದ ಓದು ಅಂದ್ರೂ ಬರ್ತೀನಿ! ಬರ್ಕೊಳ್ಳಿ!"

ಕೂಗಿದ್ದಕ್ಕೆ ತೋಟದ ಹಕ್ಕಿಗಳೆಲ್ಲ ಎದ್ದವು. ನನಗೇ ಆಶ್ಚರ್ಯ. ವಾರವಿಡೀ ಬಾಯಿಗೆ ಬಾರದ ಮಾತು ಬಂದುಬಿಟ್ಟಿತ್ತು, ವಾಪಸ್ಸು ತೆಗೆದುಕೊಳ್ಳಬೇಕು ಅಂತ ಒಂಚೂರೂ ಅನಿಸಲಿಲ್ಲ.

ಆ ಕಡೆ ಕೀಬೋರ್ಡು ಕುಟ್ಟುವ ಸದ್ದು. "ಬರ್ಕೊಂಡೆ," ಅಂದರು ಅವರು ತಣ್ಣಗೆ. "ಘಟ್ಟದ ಹುಡುಗರಿಗೆ ಬಾ ಅಂದ್ರೆ ತಿಂಗಳುಗಟ್ಟಲೆ ಯೋಚನೆ ಮಾಡ್ತಾರೆ. ನಿನ್ನ ಹತ್ರ ಆಗದು ಅಂದ್ರೆ ಅವತ್ತೇ ಬಸ್ಸು ಹತ್ತುತ್ತಾರೆ. ಸೋಮವಾರ ಬಾ. ಆದ್ರೆ ಸಾಂಬಾರಿನ ವಿಷಯ ಸುಳ್ಳಲ್ಲ ಮಾರಾಯ, ಒಂದು ಭರಣಿ ಉಪ್ಪಿನಕಾಯಿ ಹಿಡ್ಕೊಂಡು ಬಾ. ನನಗೂ ಸೇರಿಸಿ ಎರಡು."