ಬೆಳಕು ಬೀಳಬಾರದ ಪುಡಿ

ಕೆಲವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಮೊಗ್ರಾಲ್ ಊರಿನ ನಿವೃತ್ತ ಬಸ್ ಕಂಡಕ್ಟರ್ ಲೋಕನಾಥನ ಬಾಯಲ್ಲಿ ಮಗಳ ಸುದ್ದಿ ನಿಲ್ಲುವುದಿಲ್ಲ. ಮಗಳು ಪೂಜಾಶ್ರೀ ಸಂಶೋಧನೆ ಮಾಡುವವಳು. ಅವತ್ತು ಬೆಳಿಗ್ಗೆ ಪುಡಿ ತುಂಬಿ ಫಾಯಿಲ್ ಸುತ್ತಿದ ಬೆರಳುದ್ದದ ಟ್ಯೂಬೊಂದನ್ನು ಫ್ರಿಜ್ಜಿನಲ್ಲಿಟ್ಟು, "ಅಪ್ಪಾ, ಆರು ತಿಂಗಳ ಕೆಲಸ ಇದು. ಬೆಳಕು ಬಿದ್ರೆ ಹಾಳು. ಯಾರಿಗೂ ತೋರಿಸ್ಬೇಡಿ, ಸಂಜೆ ಬಂದು ಲ್ಯಾಬಿಗೆ ಕೊಂಡುಹೋಗ್ತೇನೆ" ಎಂದು ಪೇಟೆಗೆ ಹೋದಳು.

ಲೋಕನಾಥ ಮೊದಲು ಫ್ರಿಜ್ಜಿನ ಬಲ್ಬ್ ಕಳಚಿದ. ಇಷ್ಟು ದೊಡ್ಡ ಜವಾಬ್ದಾರಿ ತನ್ನ ಮೇಲಿರುವುದು ನಾಲ್ಕು ಜನಕ್ಕೆ ತಿಳಿಯದಿದ್ದರೆ ಏನು ಬಂತು? ಪಕ್ಕದ ಮನೆಯ ಮುದ್ದಣ್ಣನನ್ನು ಕರೆದು ಹೇಳಿಯೇಬಿಟ್ಟ.

"ಫಾಯಿಲ್ ಸುತ್ತಿದ್ದಾ? ಹಾಗಾದ್ರೆ ಗಲ್ಫಿನ ಚಾಕ್ಲೇಟು. ಪಾಲು ಕೊಡ್ಲಿಕ್ಕೆ ಮನಸ್ಸಿಲ್ಲ ಅಂತ ಹೇಳಿ ಮಾರಾಯ್ರೆ."

"ಚಾಕ್ಲೇಟಲ್ಲ. ಜೀವಕೋಶ ಅಂದ್ರೆ ರಶ್ಶಿನ ಬಸ್. ಒಳಗೆ ಸಾವಿರಾರು ಪ್ರೋಟೀನ್. ಯಾರು ಯಾರಿಗೆ ಒರಗಿ ನಿಂತಿದ್ದಾರೆ ಅಂತ ಹೊರಗಿಂದ ಕಾಣುದಿಲ್ಲ. ಈ ಪುಡಿಯನ್ನು ಒಬ್ಬನಿಗೆ ಕಟ್ಟಿ ಒಳಗೆ ಬಿಟ್ಟು ಲೈಟ್ ಹಾಕಿದ್ರೆ, ಆ ಕ್ಷಣ ಪಕ್ಕದಲ್ಲಿ ಇದ್ದವ ಅಂಟಿಕೊಳ್ತಾನೆ. ಮತ್ತೆ ಇಬ್ಬರನ್ನೂ ಒಟ್ಟಿಗೆ ಇಳಿಸಿ ನೋಡುದು. ನನ್ನ ಮಗಳೇ ಮಾಡಿದ್ದು."

"ಮಗಳು ಹೇಳಿದ್ಲು, ನೀವು ನಂಬಿದ್ರಿ" ಎಂದು ಮುದ್ದಣ್ಣ ನಕ್ಕ.

ತನ್ನನ್ನು ಬೈದಿದ್ದರೆ ಲೋಕನಾಥ ಸಹಿಸುತ್ತಿದ್ದ, ಮಗಳ ಮಾತನ್ನು ಸಂಶಯಿಸಿದ್ದನ್ನು ಸಹಿಸಲಿಲ್ಲ. ಕಿಟಕಿ ಬಾಗಿಲು ಮುಚ್ಚಿ, ಸಂದಿಗೆಲ್ಲ ಕಂಬಳಿ ತುರುಕಿದ. ಮೂಗಿನ ತುದಿಯೂ ಕಾಣದ ಆ ಕತ್ತಲೆಯಲ್ಲಿ ಮುದ್ದಣ್ಣನನ್ನೂ ಎದುರುಮನೆಯ ಜಲಜಾಕ್ಷಿಯನ್ನೂ ಚಾಪೆಯ ಮೇಲೆ ಕೂರಿಸಿ, ಟ್ಯೂಬನ್ನು ಪ್ರಸಾದದಂತೆ ಮುದ್ದಣ್ಣನ ಕೈಗಿಟ್ಟ. ಮುದ್ದಣ್ಣನೂ ಭಕ್ತಿಯಿಂದಲೇ ಹಿಡಿದುಕೊಂಡ.

ಅಷ್ಟರಲ್ಲಿ ಅವನ ಮೊಬೈಲು ಹೊಡೆದುಕೊಂಡಿತು. ಕೋಣೆಯಿಡೀ ಬೆಳಕು. ಟ್ಯೂಬ್ ಉಳಿಸಲು ಲೋಕನಾಥ ಹಾರಿಬಿದ್ದ ರಭಸಕ್ಕೆ ಮುಚ್ಚಳ ಕಿತ್ತು ಪುಡಿಯೆಲ್ಲ ಚಾಪೆಗೆ ಚೆಲ್ಲಿತು. ಮುದ್ದಣ್ಣ ಮೆಲ್ಲನೆ ಜಾಗ ಖಾಲಿ ಮಾಡಿದ. "ಪಾಪ" ಎಂದು ಜಲಜಾಕ್ಷಿಯೂ ಎದ್ದಳು.

ಲೋಕನಾಥ ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಮಗಳು ಬಂದಾಗ ಅವಳನ್ನು ಚಾಪೆಯ ಹತ್ತಿರ ಕರೆದುಕೊಂಡು ಹೋದ. "ನಿನ್ನ ಆರು ತಿಂಗಳನ್ನು ನಾನು ಚೆಲ್ಲಿಬಿಟ್ಟೆ ಮಗಾ."

ಪೂಜಾಶ್ರೀ ಚಾಪೆಯಿಂದ ಚಿಟಿಕೆ ಪುಡಿ ತೆಗೆದು ನಾಲಿಗೆಗಿಟ್ಟಳು. "ಉಪ್ಪು, ಅಪ್ಪಾ. ನೀವು ತೋರಿಸದೆ ಇರುವವರಲ್ಲ ಅಂತ ನನಗೆ ಗೊತ್ತಿತ್ತು. ನಿಜವಾದ್ದು ಜಲಜಕ್ಕನ ಫ್ರಿಜ್ಜಿನಲ್ಲಿ ಉಂಟು."

ಅಷ್ಟರಲ್ಲಿ ಜಲಜಾಕ್ಷಿಯೇ ಅದನ್ನು ಸೆರಗಿನಲ್ಲಿ ಮುಚ್ಚಿ ತಂದು ಪೂಜಾಶ್ರೀಗೆ ಕೊಟ್ಟು, ಲೋಕನಾಥನ ಕಡೆ ತಿರುಗಿ, "ಯಾರಿಗೂ ಹೇಳ್ಬೇಡಿ ಅಂದಿದ್ಲು, ಹೇಳ್ಳಿಲ್ಲ. ಇನ್ನು ಹೇಳ್ಬಹುದಲ್ಲ?" ಎಂದು ಕೇಳಿ ಹೋದಳು.

ಲೋಕನಾಥನಿಗೆ ಮೊದಲು ಅವಮಾನವಾಯಿತು, ಆಮೇಲೆ ಎದೆ ಉಬ್ಬಿತು. ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದ ಕಂಡಕ್ಟರನಿಗೇ ಟೋಪಿ ಹಾಕಬೇಕಾದರೆ ಎಷ್ಟು ಬುದ್ಧಿ ಬೇಕು! ಹೊಟ್ಟೆ ಹಸಿದಿದ್ದರೂ ಉಟ್ಟ ಮುಂಡು ಎತ್ತಿ ಕಟ್ಟಿ ಮುದ್ದಣ್ಣನ ಮನೆಗೆ ಓಡಿದ.

ಮುದ್ದಣ್ಣ ಜಗಲಿಯಲ್ಲಿ ಹೊಟ್ಟೆ ಹಿಡಿದು ನಗುತ್ತಿದ್ದ.

"ಬನ್ನಿ ಲೋಕಣ್ಣ, ಕೂತ್ಕೊಳ್ಳಿ. ಜಲಜಕ್ಕ ಈಗಷ್ಟೆ ಎಲ್ಲ ಹೇಳಿ ಹೋದ್ರು."